ಡ್ಯೂಟಿ ಪೆಂಡಿಂಗ್

ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬರೋ ಹೆಂಗಸು ಅಂದ್ರೆ ನಾನು, ಪವಿತ್ರ. ಹಾಗಂತ ಹೇಳಿದ್ದು ಯಾರು ಅಂದ್ರೆ ಅದೂ ನಾನೇ. ಪಿಯುಸಿ ಪಾಸಾಗಿದ್ದೀನಿ, ದೇವನಹಳ್ಳಿ ಹಳೇ ಬಸ್ ಸ್ಟ್ಯಾಂಡ್ ಹಿಂದೆ ಬ್ಲೌಸ್ ಹೊಲಿಯೋ ಅಂಗಡಿ ಇಟ್ಟಿದ್ದೀನಿ. ಬ್ಯಾಂಕಿನ ಮೆಸೇಜು, ಗ್ಯಾಸಿನ ಮೆಸೇಜು, ಏನೇ ಬಂದ್ರೂ ಜನ ಫೋನ್ ಹಿಡ್ಕೊಂಡು ನನ್ನ ಹತ್ರ ಬರ್ತಾರೆ. ನಾನೂ ಕತ್ತರಿ ಪಕ್ಕಕ್ಕಿಟ್ಟು, ಜಡ್ಜಮ್ಮನ ಥರ ಓದಿ ತೀರ್ಪು ಕೊಡ್ತೀನಿ. ಆ ಜಂಬಕ್ಕಿಷ್ಟು ಬೆಂಕಿ ಹಾಕ. ಹೇಳೋಕೆ ಕೂತಿರೋದು ಚಾಂದ್ ಪಾಷಾ ಅವರ ವಿಷಯ, ಆದ್ರೆ ನನ್ನ ಜಂಬದ ವಿಷಯ ಮೊದಲು ಹೇಳದಿದ್ರೆ ಉಳಿದಿದ್ದೆಲ್ಲ ಸುಳ್ಳಾಗುತ್ತೆ.

ಅವರ ಅಂಗಡಿ ನನ್ನದಕ್ಕೆ ಅಂಟಿಕೊಂಡೇ ಇದೆ, ಮಧ್ಯ ಒಂದೇ ಗೋಡೆ. ನಾನು ಪಾಷಣ್ಣ ಅಂತೀನಿ, ಅವರು ನನ್ನ ಪವಿತ್ರಮ್ಮ ಅಂತಾರೆ. ಊರು ಆವತಿ. ಚಿಕ್ಕ ವಯಸ್ಸಿಗೇ ಮಗ್ಗಂ ವರ್ಕಿಗೆ ಕೂತವರು. ಮಗ್ಗಂ ಅಂದ್ರೆ ಸೀರೆ ನೇಯೋ ಮಗ್ಗ ಅಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ನೆಲದ ಮೇಲೆ ಕೂತು, ಸೂಜಿಯಲ್ಲಿ ಜರಿ, ಮಣಿ ಕೂರಿಸೋ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ರು. ಮದುವೆ ಹೆಣ್ಣಿನ ಬ್ಲೌಸಿನ ಬೆನ್ನಿಗೆ ಅವರು ಗಿಳಿ ಕೂರಿಸಿದ್ರೆ ಅದರ ಕುತ್ತಿಗೆಯ ತಿರುವು ನೋಡಿಯೇ ಇದು ಚಾಂದ್ ಪಾಷಾ ಕೈ ಅಂತ ಹೇಳಬಹುದಿತ್ತು. ಹೊಸಕೋಟೆಯಿಂದ, ಚಿಕ್ಕಬಳ್ಳಾಪುರದಿಂದ ಜನ ಹುಡುಕ್ಕೊಂಡು ಬರೋರು.

ನಲವತ್ತೈದು ದಾಟ್ತಿದ್ದಂಗೆ ಆ ಕೈ ನಡುಗೋಕೆ ಶುರುವಾಯ್ತು. ಡಾಕ್ಟ್ರು ಮಾತ್ರೆ ಕೊಟ್ರು. ನಡುಕ ಕಮ್ಮಿಯಾಯ್ತೇ ಹೊರತು ಹೋಗಲಿಲ್ಲ. ಲೋಟ ಹಿಡಿಯೋಕೆ ಅಡ್ಡಿಯಿಲ್ಲ, ಸೂಜಿಗೆ ದಾರ ಹೋಗಲ್ಲ. ಆಗ ಹೆಂಡತಿ ಶಂಶುನ್ನೀಸಾ ಬಳೆ ಬಿಚ್ಚಿ ಕೊಟ್ಟು ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ತಗೊಂಡ್ರು. ದೊಡ್ಡಬಳ್ಳಾಪುರದ ಕಡೆ ಯಾವುದೋ ಗಾರ್ಮೆಂಟ್ಸ್ ಬಾಗಿಲು ಹಾಕಿದಾಗ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿದ್ದು. ಎಲ್ಲರೂ ಪೇಟೆಯಲ್ಲಿ ಸಿಗೋ ರೆಡಿ ಡಿಸೈನ್ ಹಾಕ್ಕೊಂಡು ಹೊಡೀತಾರೆ. ಇವರು ತಮ್ಮ ಗಿಳಿ, ತಮ್ಮ ಮಾವಿನಕಾಯಿ, ತಮ್ಮ ಬಳ್ಳಿಯನ್ನೇ ಎರಡು ಕೈಯಲ್ಲಿ ಮೌಸ್ ಅದುಮಿ ಹಿಡ್ಕೊಂಡು ವಾರಗಟ್ಟಲೆ ಕಂಪ್ಯೂಟರಿಗೆ ಇಳಿಸಿದ್ರು. ಒಂಬತ್ತು ವರ್ಷ ಆ ಮಿಷನ್ನಿನ ಟಕಟಕ ಗೋಡೆಯಾಚೆಯಿಂದ ಕೇಳ್ಕೊಂಡೇ ನಾನು ಹೊಲಿದಿದ್ದೀನಿ. ಇದೇ ನನ್ನ ಕೈ ಪವಿತ್ರಮ್ಮ, ಇದಿಲ್ದಿದ್ರೆ ನಾನು ಎಂಬ್ರಾಯ್ಡರಿಯವನೇ ಅಲ್ಲ ಅಂತ ಅವರು ಆಗಾಗ ಹೇಳೋರು.

ಈ ವರ್ಷ ಮದುವೆ ಸೀಸನ್ನಿಗೆ ಮೂರು ವಾರ ಇದೆ ಅನ್ನುವಾಗ ಅದು ನಿಂತುಹೋಯ್ತು. ಬೆಂಗಳೂರಿಂದ ಬಂದ ಮೆಕ್ಯಾನಿಕ್ಕು ಬಿಚ್ಚಿ ನೋಡಿ, ಒಳಗಿನ ಬೋರ್ಡು ಸುಟ್ಟಿದೆ, ಈ ಮಾಡೆಲ್ ಈಗ ಬರಲ್ಲ, ಇಂಡಿಯಾದಲ್ಲಿ ಎಲ್ಲೂ ಸಿಗಲ್ಲ ಅಂದ. ಹೊಸ ಮಿಷನ್ನಿಗೆ ಲಕ್ಷಗಟ್ಟಲೆ ಬೇಕು. ತೈವಾನಿನ ಒಂದು ಕಂಪನಿ ಹತ್ರ ಆ ಬೋರ್ಡು ಇದೆ ಅಂತ ಅವನೇ ಫೋನಲ್ಲಿ ಹುಡುಕಿ ತೋರಿಸಿದ. ಇಪ್ಪತ್ತಾರು ಸಾವಿರ, ಶಿಪ್ಪಿಂಗ್ ಫ್ರೀ. ಪಾಷಣ್ಣನ ಮುಖದಲ್ಲಿ ಜೀವ ಬಂತು. ಶಂಶಕ್ಕನ ಚೀಟಿ ದುಡ್ಡು, ಪೆಟ್ಟಿಗೆಯಲ್ಲಿದ್ದ ದುಡ್ಡು ಎಲ್ಲ ಒಟ್ಟು ಮಾಡಿ, ಹೊಸಕೋಟೆಯಲ್ಲಿರೋ ಅಳಿಯ ಅತೀಫ್ ಕಾರ್ಡಿಂದ ಕಟ್ಟಿಸಿದ್ರು. ಆರ್ಡರ್ ಹಾಕಿದ್ದು ನಾನು. ಹೆಸರಿನ ಜಾಗದಲ್ಲಿ ಏನು ಬರೀಲಿ ಅಂದೆ. ಅಂಗಡಿ ಹೆಸರೇ ಇರ್ಲಿ ಅಂದ್ರು. ಹೊರದೇಶದಿಂದ ಚಾಂದ್ ಎಂಬ್ರಾಯ್ಡರಿ ವರ್ಕ್ಸ್‌ಗೆ ಪಾರ್ಸಲ್ ಬರುತ್ತೆ ಅನ್ನೋ ಸಂತೋಷ ಅವರಿಗೆ. ನನಗೂ ಇತ್ತು.

ಆರನೇ ದಿನಕ್ಕೇ ಪಾರ್ಸಲ್ ನಮ್ಮ ಏರ್‌ಪೋರ್ಟಿಗೆ ಬಂದಿಳಿಯಿತು. ನನ್ನ ಸ್ಕೂಟರಲ್ಲಿ ಹೋದ್ರೆ ಇಪ್ಪತ್ತು ನಿಮಿಷದ ದಾರಿ. ಮಾರನೇ ದಿನ ಪಾಷಣ್ಣನ ಫೋನಿಗೆ ಒಂದು ಮೆಸೇಜ್ ಬಂತು. ಪಾರ್ಸಲ್ ನಂಬರು, ಅದರ ಮುಂದೆ ‘ಆನ್ ಹೋಲ್ಡ್, ಡ್ಯೂಟಿ ಪೆಂಡಿಂಗ್’ ಅಂತ. ಹಿಂಗಂದ್ರೆ ಏನು ಅಂತ ನನ್ನ ಹತ್ರ ಬಂದ್ರು. ನಮ್ಮ ಮನೆಯವರು ಫ್ಯಾಕ್ಟರಿಗೆ ಹೋಗೋದು ಡ್ಯೂಟಿಗೆ. ನಮ್ಮ ಬೀದಿಯ ಡ್ರೈವರ್ ದೊಡ್ಡಬೀರಪ್ಪ ಬಸ್ ಓಡಿಸೋದು ಡ್ಯೂಟಿಯಲ್ಲಿ. ಆಸ್ಪತ್ರೆ ಸಿಸ್ಟರುಗಳಿಗೆ ನೈಟ್ ಡ್ಯೂಟಿ. ಹುಟ್ಟಿದಾಗಿಂದ ನನಗೆ ಗೊತ್ತಿರೋ ಡ್ಯೂಟಿ ಅದೊಂದೇ. ಕನ್ನಡಕ ಏರಿಸಿಕೊಂಡು ಓದಿ, ಏನೂ ಇಲ್ಲ ಪಾಷಣ್ಣ, ಅದನ್ನು ಚೆಕ್ ಮಾಡೋ ಆಫೀಸರ್ ಇನ್ನೂ ಡ್ಯೂಟಿಗೆ ಬಂದಿಲ್ಲ, ಬಂದ ಮೇಲೆ ಕಳಿಸ್ತಾರೆ ಅಂದೆ. ಅನುಮಾನವೇ ಇಲ್ಲದಂಗೆ ಹೇಳ್ದೆ. ಸಾಲಾಗಿ ರಜ ಬಂದಿತ್ತಲ್ಲ, ಅದಕ್ಕೇ ಇರ್ಬೇಕು ಅಂತ ಒಗ್ಗರಣೆ ಬೇರೆ ಹಾಕ್ದೆ.

ಅಷ್ಟಕ್ಕೇ ಸುಮ್ಮನಿದ್ರೂ ಆಗ್ತಿತ್ತು. ಎರಡು ದಿನ ಬಿಟ್ಟು ಗುರುತಿಲ್ಲದ ನಂಬರಿಂದ ಅವರಿಗೆ ಫೋನು. ಕಸ್ಟಮ್ಸ್ ಕ್ಲಿಯರಿಂಗ್ ಕಡೆಯಿಂದ, ನಿಮ್ಮ ಪಾರ್ಸಲ್ ಇದೆ, ದುಡ್ಡು ಕಟ್ಬೇಕು ಅಂದ್ರಂತೆ. ಕಸ್ಟಮ್ಸ್ ಅಂತ ಹೇಳಿ ದುಡ್ಡು ಕೀಳೋ ಕಳ್ಳರ ವಿಷಯ ಫೋನಲ್ಲಿ, ಟೀವಿಯಲ್ಲಿ ಬಡ್ಕೊತಾನೇ ಇರ್ತಾರೆ. ನಮ್ಮ ಬೀದಿಯ ಪಿಳ್ಳಮ್ಮನ ಮಗಳು ಹಿಂಗೇ ಎಂಟು ಸಾವಿರ ಕಳ್ಕೊಂಡಿದ್ಳು. ನಾನೇ ಅವರ ಕೈಯಿಂದ ಫೋನ್ ಕಿತ್ಕೊಂಡು, ಕಳ್ಳ ನನ್ಮಕ್ಳಾ ಅಂತ ಬೈದು, ಆ ನಂಬರನ್ನ ಬ್ಲಾಕ್ ಮಾಡ್ದೆ. ಬೇರೆ ನಂಬರಿಂದ ಬಂದ್ರೂ ಎತ್ತಬೇಡಿ ಅಂದೆ. ಅವರು ಎತ್ತಲಿಲ್ಲ. ನನ್ನ ಮಾತಂದ್ರೆ ಅಷ್ಟು ನಂಬಿಕೆ.

ಹನ್ನೆರಡು ದಿನ ಕಾದ್ವಿ. ತಲೆ ಮೇಲೆ ವಿಮಾನ ಹೋದಾಗೆಲ್ಲ ಪಾಷಣ್ಣ ಬಾಗಿಲಿಗೆ ಬಂದು ನೋಡೋರು. ಬೋರ್ಡು ಬಂದಾಗಿತ್ತು, ಇನ್ಯಾವ ವಿಮಾನವನ್ನು ನೋಡ್ತಿದ್ರೋ ಗೊತ್ತಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಬಂದು ಬಟ್ಟೆ ವಾಪಸ್ ತಗೊಂಡು ಹೋದ್ರು. ಹದಿಮೂರನೇ ದಿನ ಅತೀಫ್‌ಗೆ ಒಂದು ಇಮೇಲ್ ಬಂತು, ಇನ್ನೂ ತಡ ಮಾಡಿದ್ರೆ ಸಾಮಾನು ಹರಾಜಿಗೆ ಹೋಗುತ್ತೆ ಅಂತ. ಅದರಲ್ಲಿ ಕ್ಲಿಯರಿಂಗ್ ಏಜೆಂಟಿನ ಆಫೀಸಿನ ವಿಳಾಸ ಇತ್ತು. ಪಾಷಣ್ಣನ್ನ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೋದೆ.

ಅಲ್ಲಿದ್ದವನ ಹೆಸರು ಮನೋಹರ್. ಮೂವತ್ತರ ಪ್ರಾಯ, ಮರ್ಯಾದಸ್ಥ. ನಾನು ಫೋನಲ್ಲಿ ಬೈದಿದ್ದು ಅವನಿಗೇ. ಆ ಮಾತನ್ನು ಅವನು ಎತ್ತಲೇ ಇಲ್ಲ. ಕುರ್ಚಿ ಹಾಕಿಸಿ, ನೀರು ಕೊಟ್ಟು, ಕಾಗದ ಮುಂದಿಟ್ಟ. ಡ್ಯೂಟಿ ಅಂದ್ರೆ ಸುಂಕ ಮೇಡಂ, ಸರ್ಕಾರಕ್ಕೆ ಕಟ್ಟೋದು ಅಂದ. ಪಾಷಣ್ಣನ ಕಡೆ ತಿರುಗಿ ನೋಡೋಕೆ ಧೈರ್ಯ ಬರಲಿಲ್ಲ.

ಆಮೇಲೆ ಅವನು ಹೇಳಿದ್ದು ಒಂದೊಂದೂ ಚುಚ್ಚೋ ಮಾತು. ಶಿಪ್ಪಿಂಗ್ ಫ್ರೀ ಅನ್ನೋದು ಅಂಗಡಿಯವನ ಲೆಕ್ಕ, ಸುಂಕ ಹಾಕುವಾಗ ಸಾಗಣೆ ಖರ್ಚೂ ಬೆಲೆಗೆ ಸೇರುತ್ತಂತೆ. ಅದರ ಮೇಲೆ ಜಿಎಸ್‌ಟಿ. ಅಂಗಡಿ ಹೆಸರಲ್ಲಿ ತರಿಸಿದ್ದಕ್ಕೆ ಇದು ವ್ಯಾಪಾರದ ಆಮದು, ಅದಕ್ಕೊಂದು ಕೋಡ್ ಮಾಡಿಸಬೇಕು. ಕಾಗದ ಹಾಕೋ ಏಜೆಂಟಿಗೆ ಫೀಸು. ಕಾಗದ ತಡವಾಗಿದ್ದಕ್ಕೆ ದಂಡ. ಇದೆಲ್ಲದರ ಮೇಲೆ ಗೋಡೌನ್ ಬಾಡಿಗೆ. ಮೊದಲ ಕೆಲವು ದಿನ ಬಾಡಿಗೆ ಇಲ್ಲ, ಆಮೇಲೆ ದಿನದಿನಕ್ಕೆ ಏರುತ್ತೆ. ಇಪ್ಪತ್ತಾರು ಸಾವಿರದ ಬೋರ್ಡು ಬಿಡಿಸೋಕೆ ನಲವತ್ತೊಂದು ಸಾವಿರ ಬೇಕಿತ್ತು. ಮೆಸೇಜ್ ಬಂದ ದಿನವೇ ಬಂದಿದ್ರೆ ಹದಿನಾಲ್ಕು ಸಾವಿರದಲ್ಲಿ ಮುಗೀತಿತ್ತು ಅಂತ ಮನೋಹರ್ ಹೇಳಿದ. ಅವನು ಬೇಕಂತ ಹೇಳಲಿಲ್ಲ, ಆದ್ರೂ ಅವನ ಬಾಯಿ ಮುಚ್ಚಿಸ್ಬೇಕು ಅನ್ನಿಸ್ತು ನನಗೆ.

ಪಾಷಣ್ಣ ಒಂದೇ ಒಂದು ಮಾತು ಕೇಳಿದ್ರು.

“ಸಾರ್, ಅದನ್ನ ಒಂದ್ಸಲ ನೋಡಬಹುದಾ? ಬೋರ್ಡನ್ನ.”

ಒಳಗೆ ಬಿಡಲ್ಲ ಸಾರ್ ಅಂದ ಮನೋಹರ್. ಅವನ ಮುಖವೂ ಸಪ್ಪಗಾಯ್ತು. ತನ್ನ ಫೀಸಲ್ಲಿ ಸಾವಿರ ಬಿಡ್ತೀನಿ ಅಂದ. ಉಳಿದಿದ್ದು ಅವನ ಕೈಯಲ್ಲಿರಲಿಲ್ಲ.

ಮುಂದಿನ ಐದು ದಿನ ನಾವು ಓಡಾಡಿದ್ದು ಆ ದೇವರಿಗೇ ಗೊತ್ತು. ಶಂಶಕ್ಕ ಕಿವಿದು ಬಿಚ್ಚಿದ್ರು. ಅತೀಫ್ ಸಂಬಳದ ಮೇಲೆ ಅಡ್ವಾನ್ಸ್ ತಗೊಂಡ. ನಾನು ಜಿಗ್‌ಜಾಗ್ ಮಿಷನ್ನಿಗೆ ಅಂತ ಎತ್ತಿಟ್ಟಿದ್ದ ಒಂಬತ್ತು ಸಾವಿರ ಕೊಟ್ಟೆ. ಬೇಡ ಅಂತ ಅವರು ಎಷ್ಟು ಹೇಳಿದ್ರೂ ಜಗಳ ಮಾಡಿ ಕೊಟ್ಟೆ. ಮೂವತ್ತೆಂಟು ಸಾವಿರ ಆಯ್ತು. ಮನೋಹರ್‌ಗೆ ಫೋನ್ ಮಾಡಿದ್ರೆ ಅಷ್ಟೊತ್ತಿಗೆ ಅದು ಐವತ್ತೆರಡಾಗಿತ್ತು. ಕೋಡ್ ಬರೋಕೆ ಇನ್ನೂ ಎರಡು ದಿನ, ಆ ಎರಡು ದಿನಕ್ಕೂ ಬಾಡಿಗೆ, ದಂಡ. ನಾವು ಎಷ್ಟು ಓಡಿದ್ರೂ ಅದು ಎರಡು ಹೆಜ್ಜೆ ಮುಂದೇನೇ ಇತ್ತು. ವಾಪಸ್ ಕಳಿಸಿದ್ರೆ ಹೆಂಗೆ ಅಂತ ಕೇಳ್ದೆ. ಹೋಗೋ ವಿಮಾನದ ಖರ್ಚೂ ಇವರದೇ ಅಂತೆ.

ಪಾಷಣ್ಣ ಗಲ್ಲಾ ಪೆಟ್ಟಿಗೆ ಮೇಲೆ ದುಡ್ಡು ಇಟ್ಕೊಂಡು ಇನ್ನೊಂದ್ಸಲ ಎಣಿಸಿದ್ರು. ಆಮೇಲೆ ಎದ್ದು ನನ್ನ ಒಂಬತ್ತು ಸಾವಿರ ನನ್ನ ಮಿಷನ್ ಮೇಲೆ ತಂದಿಟ್ರು. ಅಳಿಯನ ದುಡ್ಡು ಅಳಿಯನಿಗೆ ಕಳಿಸಿದ್ರು. ಸಾಕು ಪವಿತ್ರಮ್ಮ, ಬಿಟ್ಬಿಡೋಣ ಅಂದ್ರು.

ಬಿಡೋದಕ್ಕೂ ಕಾಗದ ಬೇಕಿತ್ತು. ಈ ಸಾಮಾನು ನನಗೆ ಬೇಡ, ಇದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಇದನ್ನು ಏನು ಮಾಡಿದ್ರೂ ನನ್ನ ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಬೇಕು. ಬರೆದಿದ್ದು ಯಾರು? ನಾನೇ, ಇಂಗ್ಲಿಷ್ ಬರೋಳು. ಮನೋಹರ್ ಕಳಿಸಿದ ಮಾದರಿ ನೋಡ್ಕೊಂಡು ಬಿಳಿ ಹಾಳೆ ಮೇಲೆ ನಕಲು ಮಾಡ್ದೆ. ಏನು ಬರ್ದೆ ಅಂತ ಕೇಳಿದ್ರು, ಕನ್ನಡದಲ್ಲಿ ಹೇಳ್ದೆ. ‘ನನಗೆ ಬೇಡ’ ಅನ್ನೋ ಕಡೆ ಅವರು ಕಣ್ಣು ಮುಚ್ಚಿದ್ರು. ಆಮೇಲೆ ಸೈನ್ ಹಾಕಿದ್ರು.

ಬೋರ್ಡಿಲ್ಲದ ಮಿಷನ್ನು ಯಾರಿಗೆ ಬೇಕು? ಬಿಡಿಭಾಗಕ್ಕೆ ಅಂತ ಆ ಮೆಕ್ಯಾನಿಕ್ಕೇ ಬಂದು ಒಂಬತ್ತು ಸಾವಿರಕ್ಕೆ ಎತ್ಕೊಂಡು ಹೋದ. ಗಾಡಿಗೆ ಹಾಕುವಾಗ ಪಾಷಣ್ಣ ಹೊರಗೆ ಬರಲಿಲ್ಲ. ಗಿಳಿಯೂ ಬಳ್ಳಿಯೂ ಇದ್ದ ಪೆನ್‌ಡ್ರೈವನ್ನ ಬೇಕಾದ್ರೆ ಇಟ್ಕೊಳ್ಳಿ ಅಂತ ಅವನು ಬಿಚ್ಚಿ ಕೊಟ್ಟ. ನಾನು ಇಸ್ಕೊಂಡು ಶಂಶಕ್ಕನಿಗೆ ಕೊಟ್ಟೆ.

ಒಂದು ವಾರ ನಾನು ಅವರ ಮುಖ ತಪ್ಪಿಸ್ಕೊಂಡು ಓಡಾಡ್ದೆ. ಆಮೇಲೆ ತಡೀಲಾರದೆ ಹೋಗಿ ಹೇಳಿದೆ. ಪಾಷಣ್ಣ, ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಹೇಳ್ದೆ, ನಿಮ್ಮ ಬಾಳು ನಾನೇ ಹಾಳು ಮಾಡ್ದೆ ಅಂದೆ. ಅಳ್ತಾನೇ ಹೇಳ್ದೆ. ಅವರು ಖಾಲಿ ಅಂಗಡಿಯಲ್ಲಿ ಚಾಪೆ ಮೇಲೆ ಕೂತಿದ್ರು.

“ಅಲ್ಲಮ್ಮ. ಮೂರನೇ ದಿನಾನೇ ಅತೀಫ್‌ನ ಕೇಳಿದ್ದೆ, ಡ್ಯೂಟಿ ಅಂದ್ರೆ ಟ್ಯಾಕ್ಸು ಮಾವ ಅಂದ. ಕಟ್ಟೋಕೆ ನನ್ನ ಹತ್ರ ದುಡ್ಡಿರಲಿಲ್ಲ. ಹೇಳೋಕೆ ನಾಚಿಕೆಯಾಯ್ತು, ಸುಮ್ಮನಾದೆ. ನಿಮ್ಮದೇನೂ ತಪ್ಪಿಲ್ಲ.”

ನನಗೆ ಸಿಟ್ಟು ಬಂತು, ಮುಚ್ಚಿಡೋದು ಯಾಕೆ. ಆಗಲೇ ಹೇಳಿದ್ರೆ ಆ ಹದಿನಾಲ್ಕು ಸಾವಿರ ನಾನು ಹೊಂದಿಸ್ತಿರಲಿಲ್ವಾ ಅಂತ ಬಾಯಿಗೆ ಬಂದಂಗೆ ಕೂಗಾಡಿ ಬಂದೆ. ಆದ್ರೆ ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡ್ದೆ. ಮುಂದಿನ ಭಾನುವಾರ ಅತೀಫ್ ಬಂದಿದ್ದ. ನೀನಾದ್ರೂ ನನಗೊಂದು ಮಾತು ಹೇಳಬಾರದಿತ್ತಾ ಅಂತ ಅವನ ಮೇಲೂ ಎಗರಿದೆ. ಅವನು ಪಿಳಿಪಿಳಿ ಕಣ್ಣು ಬಿಟ್ಟ. ಮಾವ ನನ್ನ ಏನೂ ಕೇಳೇ ಇಲ್ವಲ್ಲ ಅಕ್ಕ, ನನಗೆ ಗೊತ್ತಾಗಿದ್ದೇ ಆ ಇಮೇಲ್ ಬಂದ ಮೇಲೆ ಅಂದ.

ಆ ಮಾತನ್ನ ಪಾಷಣ್ಣನ ಮುಂದೆ ನಾನು ಎತ್ತಲಿಲ್ಲ. ಎತ್ತೋಕೆ ನನಗೆ ಮುಖ ಎಲ್ಲಿದೆ.

ಕಳೆದ ತಿಂಗಳು ಅಂಗಡಿ ಬಿಟ್ಟುಕೊಟ್ರು. ಬೀಗ ಮಾಲೀಕರಿಗೆ ಒಪ್ಪಿಸಿ ನನ್ನ ಬಾಗಿಲಲ್ಲಿ ನಿಂತ್ರು. ನಾನು ಏನೋ ದುಡ್ಡು ಕೇಳ್ತಾರೆ ಅಂದ್ಕೊಂಡೆ, ಕೊಡೋಣ ಅಂತಾನೂ ಇದ್ದೆ. ಅವರು ಒಳಗೆ ಬರಲಿಲ್ಲ.

“ಹುಕ್ಸ್ ಹಾಕೋ ಕೆಲಸ ಇದ್ರೆ ಕೊಡ್ತೀರಾ ಪವಿತ್ರಮ್ಮ?”

ಬ್ಲೌಸಿಗೆ ಹುಕ್ಸ್ ಹಾಕೋದು ಹೊಸದಾಗಿ ಕಲಿಯೋಕೆ ಬರೋ ಹೆಣ್ಣುಮಕ್ಕಳಿಗೆ ಕೊಡೋ ಕೆಲಸ. ಒಂದು ಬ್ಲೌಸಿಗೆ ಹತ್ತು ರೂಪಾಯಿ. ಇದೆ, ಬೇಕಾದಷ್ಟಿದೆ, ನಾಳೆಯಿಂದ ಬನ್ನಿ ಅಂದೆ.

ಈಗ ದಿನಾ ಹನ್ನೊಂದು ಗಂಟೆಗೆ ಬರ್ತಾರೆ. ಕಿಟಕಿ ಹತ್ರ ಬೆಳಕಿಗೆ ಕೂತ್ಕೋತಾರೆ. ಸೂಜಿಗೆ ದಾರ ನಾನು ಪೋಣಿಸಿ ಕೊಡ್ತೀನಿ, ಒಂದೇ ಸಲಕ್ಕೆ ಇಪ್ಪತ್ತು ಸೂಜಿ. ಬೆವರು ಸುರಿಸ್ಕೊಂಡು, ತುಟಿ ಕಚ್ಕೊಂಡು, ಸಂಜೆವರೆಗೆ ಐದಾರು ಬ್ಲೌಸ್ ಮುಗಿಸ್ತಾರೆ. ಸರಿಯಾಗಿದೆಯಾ ನೋಡಿ ಅಂತ ನನ್ನ ಮುಂದೆ ಹಿಡೀತಾರೆ. ನಾನು ಕನ್ನಡಕ ಏರಿಸಿ ನೋಡಿ, ಚೆನ್ನಾಗಿದೆ ಪಾಷಣ್ಣ ಅಂತೀನಿ. ದುಡ್ಡು ತಗೊಂಡು ಮನೆಗೆ ಹೋಗ್ತಾರೆ. ಅವರು ಬೀದಿ ತಿರುಗಿದ ಮೇಲೆ ನಾನು ಬಾಗಿಲು ಅರ್ಧ ಎಳ್ಕೊಂಡು, ಅಷ್ಟೂ ಹುಕ್ಸ್ ಬಿಚ್ಚಿ ಮತ್ತೆ ಹಾಕ್ತೀನಿ.