ಮೀನಿಗೆ ಭತ್ತ

ಹೊಳೆಗೆ ಸುರಿದರೂ ಅಳೆದು ಸುರಿಯಬೇಕು ಅಂತಾರೆ. ನಮ್ಮತ್ತೆ ಮಾತ್ರ ಮೀನು ತರುವ ಹೊಳೆಯವಳಿಗೆ ಅಳೆಯದೆ ಭತ್ತ ಸುರಿದವರು. ತುಂಗಭದ್ರೆಯ ನಡುಗಡ್ಡೆಯಿಂದ ಆಕೆ ಹರಗೋಲಿನಲ್ಲಿ ಕಂಪ್ಲಿಗೆ ಬಂದು, ನಮ್ಮ ಹಿತ್ತಿಲ ಬಾಗಿಲಲ್ಲಿ ಬುಟ್ಟಿ ಇಳಿಸುವಳು. ಮೀನು ನಮ್ಮ ಪಾತ್ರೆಗೆ, ಭತ್ತ ಆಕೆಯ ಚೀಲಕ್ಕೆ. ದರ ಯಾರೂ ಕೇಳಿದ್ದಿಲ್ಲ. ಡ್ಯಾಮಿನ ಗೇಟು ತೆಗೆದು ಹೊಳೆ ತುಂಬುವ ಹೊತ್ತಿಗೆ ಗಡ್ಡೆಯವರೆಲ್ಲ ಈಚೆ ದಂಡೆಯ ಬಂಧುಗಳ ಮನೆ ಸೇರಿರುತ್ತಿದ್ದರು. ಬಲೆ ಬೀಸುವಂತಿಲ್ಲ. ಆಗಲೂ ಆಕೆ ಬರಿಗೈಯಲ್ಲಿ ಬರುವಳು, ಭತ್ತ ಒಯ್ಯುವಳು. ಅತ್ತೆಗಾಗಲಿ ಆಕೆಗಾಗಲಿ ಅದು ಮಾತಾಡುವ ವಿಷಯವೇ ಅಲ್ಲ.

ಕಬ್ಬಿಣದ ಅದಿರಿನ ಕಾಲ ಬಂತು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ನನ್ನ ಗಂಡ ಮೆಟ್ರಿಯ ಗದ್ದೆ ಲೀಸಿಗೆ ಕೊಟ್ಟು, ಸಂಡೂರಿನ ಗಣಿಗೆ ಟಿಪ್ಪರ್ ಹಾಕಿದರು. ಮನೆಯಲ್ಲಿ ಭತ್ತ ಇರಲಿಲ್ಲ, ನೋಟಿಗೆ ಬರವಿರಲಿಲ್ಲ. ಆಕೆ ಬಂದಾಗ ನಾನು ಮೀನು ತೂಗಿಸಿ, ಪೇಟೆ ದರಕ್ಕಿಂತ ಹೆಚ್ಚೇ ಕೊಟ್ಟೆ. ಎಂಥ ಉದಾರಿ ಅಂತ ಒಳಗೊಳಗೇ ಬೀಗಿದೆ ಬೇರೆ. ಆಕೆ ನೋಟು ತಿರುಗಿಸಿ ನೋಡಿ, "ಭತ್ತ ಇಲ್ಲೇನವ್ವ?" ಅಂದಳು.

"ರೊಕ್ಕ ಇದ್ರ ಏನ್ ಬೇಕಾದ್ರೂ ತಗೋಬಹುದಲ್ಲಕ್ಕ" ಅಂದೆ. ಭಾರೀ ಜಾಣೆ ನಾನು!

ಆ ಮಳೆಗಾಲ ಹೊಳೆ ತುಂಬಿತು. ಆಕೆ ಬರಲಿಲ್ಲ. ಇವತ್ತು ಬಂದಾಳು, ನಾಳೆ ಬಂದಾಳು ಅಂತ ಹಿತ್ತಿಲ ಅಗಳಿ ಹಾಕದೆ ಕಾದೆ. ಕಡೆಗೆ ಅಂಗಡಿಯ ಅಕ್ಕಿ ಹೊತ್ತುಕೊಂಡು ದಂಡೆಗೆ ಹೋದೆ. ಆಕೆ ತನ್ನ ತಂಗಿಯ ಮನೆಯ ಮುಂದೆ ಕೂತಿದ್ದಳು. ಅದಿರು ಜರಡಿ ಹಿಡಿಯುವ ಕೂಲಿಗೆ ಹೋಗುತ್ತಿದ್ದಳಂತೆ, ಅಂಗೈಯೆಲ್ಲ ಕೆಂಪು. ಮಳೆ ಹಿಡಿದು ನಾಲ್ಕು ದಿನದಿಂದ ಆ ಕೂಲಿಯೂ ಇಲ್ಲ. ಹೊತ್ತು ಏರಿದ್ದರೂ ಒಲೆ ಹೊತ್ತಿರಲಿಲ್ಲ.

"ಯಾಕ ಬರಲಿಲ್ಲಕ್ಕ?"

"ಮೀನಿಲ್ದ ಏನಂತ ಬರ್ಲವ್ವ? ಆವತ್ತ ರೊಕ್ಕ ಕೊಟ್ಟಿ, ತಗೊಂಡೆ. ಅಲ್ಲಿಗೆ ಮುಗೀತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಅಕ್ಕಿಯ ಚೀಲ ಮುಂದಿಟ್ಟೆ. ಆಕೆ ಸೆರಗಿನ ಗಂಟು ಬಿಚ್ಚುತ್ತಾ, "ಎಷ್ಟಾತವ್ವ?" ಅಂದಳು.

"ಏನೂ ಬ್ಯಾಡಕ್ಕ."

"ಹಂಗಾರ ಚೀಲ ತಗೊಂಡ್ ಹೋಗವ್ವ."

ಒಳಗೆ ಆಕೆಯ ಮೊಮ್ಮಗು ಹಸಿದು ಅಳುತ್ತಿತ್ತು. ಗಂಟಿನಲ್ಲಿದ್ದ ಚಿಲ್ಲರೆ ನೋಡಿಯೇ ನಾನು ದರ ಹೇಳಿದೆ. ಆಕೆ ಕೊಟ್ಟಳು, ನಾನು ತೆಗೆದುಕೊಂಡೆ.