ಕಲ್ಲಟ್ಟಿ ಕ್ಯಾಂಪಿಗೆ ಹೋಗಿಬಂದ ಮಗಳು

ಆ ದಿನ ಬೆಳಿಗ್ಗೆ ಅಂಗಳದಲ್ಲಿ ಕುಳಿತು ಬಿತ್ತನೆಯ ಆಲೂಗಡ್ಡೆ ಆರಿಸುತ್ತಿದ್ದೆವು, ನಾನು, ನನ್ನ ತಾಯಿ, ನನ್ನ ಮಗಳು. ಮಗಳಿಗೆ ಆಗ ಹತ್ತು ವರ್ಷ. ಅವಳು ನಡೆಯಲು ಕಲಿಯುವ ಮೊದಲೇ ಅವಳ ತಾಯಿ ತೀರಿಕೊಂಡಿದ್ದಳು. ಬೆಳೆಸಿದವಳು ನನ್ನ ತಾಯಿ. ಅಜ್ಜಿಯನ್ನು ನಮ್ಮ ಬಡಗರಲ್ಲಿ ಹೆತ್ತೆ ಎನ್ನುತ್ತೇವೆ. ಹೆತ್ತೆ ಉಟ್ಟ ಬಿಳಿ ಬಟ್ಟೆಯ ಅಂಚು ಕೈಯಲ್ಲಿಲ್ಲದಿದ್ದರೆ ಮಗಳು ನಮ್ಮ ಹಟ್ಟಿಯ ಬೀದಿಯಲ್ಲಿ ಕೂಡ ನಡೆಯುತ್ತಿರಲಿಲ್ಲ. ಊಟಿಯ ಶಾಲೆಗೆ ಹಟ್ಟಿಯ ಇತರ ಮಕ್ಕಳ ಹಿಂದೆ ಹೋಗಿ ಬರುತ್ತಿದ್ದಳು. ಅಲ್ಲಿ ಬಾಯಿ ತೆರೆದವಳಲ್ಲ.

ನಾನು ಗೋಣಿಚೀಲ ತರಲು ಒಳಗೆ ಹೋದಾಗ ಆಲೂಗಡ್ಡೆ ಕೊಳ್ಳುವ ಮಂಡಿಯವನ ಆಳು ಬಂದು, "ಅಪ್ಪ ಇದ್ದಾರೇನಮ್ಮಾ?" ಎಂದು ಅವಳನ್ನೇ ಕೇಳಿದ. ಅವಳು ಎದ್ದು ಓಡಿ ಸೌದೆಯ ಹಿಂದೆ ಸೇರಿಕೊಂಡಳು. ಹೊರಗೆ ಬಂದ ನನ್ನನ್ನು ಅವನು, "ಮೂಗಿಯಾ ಮಗು? ಪಾಪ" ಎಂದು ಕೇಳಿದ.

"ಮಾತು ಬರುತ್ತದೆ," ಎಂದೆ.

"ಹಾಗಾದರೆ ಮದುವೆಯಾಗುವವನು ಪುಣ್ಯವಂತ," ಎಂದು ಅವನು ನಕ್ಕ. ನನ್ನ ತಾಯಿಯೂ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಸತ್ತ ಮೇಲೆ, ತಾಯಿ ಸತ್ತ ಮೇಲೆ, ಈ ಮಗು ಯಾರ ಹಿಂದೆ ನಿಲ್ಲುತ್ತದೆ ಎಂಬ ಯೋಚನೆ ತಲೆಗೆ ಹೊಕ್ಕಿತು. ಆಮೇಲೆ ಇಡೀ ದಿನ ಯಾವ ಕೆಲಸದಲ್ಲೂ ಕೈ ನಿಲ್ಲಲಿಲ್ಲ.

ಶಾಲೆಯ ಟೀಚರಮ್ಮ ಮೈಸೂರು ಕಡೆಯವರು. ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳನ್ನು ಕಲ್ಲಟ್ಟಿಯ ಇಳಿಜಾರಿಗೆ ಕರೆದುಕೊಂಡು ಹೋಗಿ, ಗುಡಾರ ಹಾಕಿ, ಎರಡು ವಾರ ಇರಿಸಿಕೊಳ್ಳುತ್ತೇನೆ ಎಂದು ಮನೆಮನೆಗೆ ಹೇಳಿ ಹೋಗಿದ್ದರು. ಮಕ್ಕಳೇ ನೀರು ತರಬೇಕು, ಅಡುಗೆ ಮಾಡಬೇಕು, ಹಾಡಬೇಕು, ಬೆಟ್ಟ ಹತ್ತಬೇಕು. ಅದಕ್ಕೆ ಕ್ಯಾಂಪು ಎಂದು ಹೆಸರು. ಇದೆಲ್ಲ ಮನೆಯಲ್ಲೇ ಇದೆಯಲ್ಲ, ಇದಕ್ಕೆ ಕಾಡಿಗೇಕೆ ಹೋಗಬೇಕು ಎಂದು ಹಟ್ಟಿಯಲ್ಲಿ ನಗಾಡಿದ್ದರು. ಆ ಸಂಜೆ ನಾನು ಊಟಿಗೆ ನಡೆದು ಹೋಗಿ ಮಗಳನ್ನು ಕಳಿಸುತ್ತೇನೆ ಎಂದು ಹೇಳಿ ಬಂದೆ.

ಹೊರಡುವ ದಿನ ಅವಳು ಅಳಲಿಲ್ಲ. ಅತ್ತಿದ್ದರೆ ವಾಪಸು ಕರೆದುಕೊಂಡು ಬರುತ್ತಿದ್ದೆನೋ ಏನೋ. ಸುಮ್ಮನೆ ನನ್ನ ಮುಖ ನೋಡಿದಳು, ಗಾಡಿ ಹತ್ತಿದಳು. ಆ ಎರಡು ವಾರ ನಾನು ಹೊಲದಲ್ಲಿ ನಿಂತರೆ ಕಲ್ಲಟ್ಟಿಯ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದೆ. ಅಲ್ಲಿಂದ ಕಾಣುವುದು ಬರೀ ಮಂಜು. ಮಗುವನ್ನು ಕಳಿಸಿದ್ದಕ್ಕೆ ನನ್ನ ತಾಯಿ ನನ್ನೊಡನೆ ಮಾತು ಬಿಟ್ಟಿದ್ದಳು.

ಅಲ್ಲಿ ನಡೆದದ್ದನ್ನು ಆಮೇಲೆ ಟೀಚರಮ್ಮ ಹೇಳಿದರು. ಕ್ಯಾಂಪಿನ ಹಾಲಿಗೆಂದು ಹತ್ತಿರದವರಿಂದ ಒಂದು ಎಮ್ಮೆ ತರಿಸಿದ್ದರಂತೆ. ಹಾಲು ಕರೆಯುವವರು ಯಾರು ಎಂದಾಗ ಅವರು ನನ್ನ ಮಗಳ ಕೈಗೆ ಪಾತ್ರೆ ಕೊಟ್ಟರು. ಎಮ್ಮೆ ಸಾಕುವ ಹಟ್ಟಿಯ ಮಗು, ಇದಕ್ಕೆ ಗೊತ್ತಿರಲೇಬೇಕು ಎಂದುಕೊಂಡರು. ನಮ್ಮಲ್ಲಿ ಹೆಂಗಸರು ಎಮ್ಮೆ ಕರೆಯುವುದಿಲ್ಲ. ಮನೆಯೊಳಗಿನ ಹಾಲುಕೋಣೆಗೆ ಕಾಲಿಡುವುದೂ ಇಲ್ಲ. ಗಂಡುಹುಡುಗರಿಗೆ ಏಳೋ ಒಂಬತ್ತೋ ವರ್ಷಕ್ಕೆ ಒಳ್ಳೆಯ ದಿನ ನೋಡಿ ಮೊದಲ ಸಲ ಹಾಲು ಕರೆಸುವ ಶಾಸ್ತ್ರ ಮಾಡುತ್ತೇವೆ. ಹೆಣ್ಣುಮಕ್ಕಳಿಗೆ ಅದಿಲ್ಲ. ಮೈಸೂರಿನವರಿಗೆ ಇದು ಹೇಗೆ ತಿಳಿಯಬೇಕು? ಬೇರೆ ಮಗುವಾದರೆ, ನಾವು ಕರೆಯಬಾರದು ಎಂದು ಹೇಳುತ್ತಿತ್ತು. ನನ್ನ ಮಗಳಿಗೆ ಅಷ್ಟು ಹೇಳುವ ಬಾಯಿಯೂ ಇರಲಿಲ್ಲ. ಪಾತ್ರೆ ಹಿಡಿದು ಹೋದಳು. ಮೊದಲ ದಿನ ಎಮ್ಮೆ ಪಾತ್ರೆಯನ್ನು ಒದ್ದಿತು. ಮರುದಿನ ತಳ ಮುಚ್ಚುವಷ್ಟು ಬಂತು. ವಾರ ಕಳೆಯುವಾಗ ಇತರ ಹುಡುಗಿಯರು ಇವಳ ಸುತ್ತ ಕುಳಿತು, ಹೇಗೆ ಹಿಡಿಯಬೇಕು, ತೋರಿಸು ಎಂದು ಕೇಳುತ್ತಿದ್ದರಂತೆ. ತೋರಿಸಬೇಕಾದರೆ ಮಾತಾಡಲೇಬೇಕಲ್ಲ. ಹಾಗೆ ಮಾತಾಡಿದಳು.

ಕ್ಯಾಂಪು ಮುಗಿಸಿ ಗಾಡಿ ಇಳಿದವಳು ನಮ್ಮ ಮುಂದೆ ಮುಂದೆ ನಡೆದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಮೊಣಕಾಲು ತರಚಿತ್ತು. "ಹೆತ್ತೇ, ನಾ ಎಮ್ಮೆ ಕರೆದೆ," ಎಂದು ಬೀದಿಯಲ್ಲೇ ಹೇಳಿದಳು.

ನನ್ನ ತಾಯಿ ಅವಳ ಬಾಯಿ ಮುಚ್ಚಿದಳು. "ಮೆಲ್ಲಗೆ ಹೇಳು, ಕೂಸೆ. ಯಾರಿಗಾರೂ ಕೇಳೀತು."

"ಕೇಳಲಿ. ಚೆನ್ನಾಗೇ ಕರೆದೆ."

"ಮಗನೇ, ನಿನ್ನ ಟೀಚರಮ್ಮ ಕಲಿಸಿದ ಓದು ಇದೇನಾ?" ಎಂದು ತಾಯಿ ನನ್ನನ್ನು ಕೇಳಿದಳು. ಎಷ್ಟೋ ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಮಳೆಗಾಲದಲ್ಲಿ ಹೊಲದ ದಿಣ್ಣೆಯಲ್ಲಿ ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ಪಟ್ಟು ಹಾಕಿ ಕಟ್ಟಿದರು. ನಮ್ಮ ಮನೆಯಲ್ಲಿ ಬೇರೆ ಗಂಡಸಿಲ್ಲ, ಹಾಗಾಗಿ ಪಕ್ಕದ ಮನೆಯ ಹಿರಿಯರು ಬಂದು ಎಮ್ಮೆ ಕರೆದು ಕೊಡುತ್ತಿದ್ದರು. ಒಂದು ಬೆಳಿಗ್ಗೆ ಅವರು ಬರುವುದು ತಡವಾಯಿತು. ಕರು ಅರಚುತ್ತಿತ್ತು, ಎಮ್ಮೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಮಗಳು ಕ್ಯಾಂಪಿನಿಂದ ತಂದಿದ್ದ ತಗಡಿನ ಪಾತ್ರೆ ಹಿಡಿದು ಬಂದು ದೊಡ್ಡಿಯ ಗೇಟಿನ ಮುಂದೆ ನಿಂತಳು.

"ಅಪ್ಪಾ, ಗೇಟು ತೆಗಿ."

ನನ್ನ ತಾಯಿ ಬಾಗಿಲಲ್ಲಿ ನಿಂತು, "ಬೇಡ ಮಗನೇ," ಎಂದಳು.

ಎಡಗೈಯಲ್ಲಿ ಅಗುಳಿ ತೆಗೆಯುವುದು ಕಷ್ಟವಾಯಿತು. ತೆಗೆದೆ.

ಅವಳು ಕರೆಯುತ್ತಿರುವಾಗಲೇ ಹಿರಿಯರು ಬಂದು ದಿಗ್ಭ್ರಮೆಯಿಂದ ನಿಂತರು. "ಏನಿದು? ಇನ್ನು ಮೇಲೆ ಗಂಡಸರು ಒಲೆ ಊದಬೇಕೋ?" ಎಂದರು.

ಅವಳು ಹಿಂತಿರುಗದೆ, "ಊದಿ ಅಜ್ಜ, ಹಾಲು ಕಾಯಬೇಕು," ಎಂದಳು.

ಅವರು ಬೈಯಲು ಬಾಯಿ ತೆರೆದವರು ಕೆಮ್ಮಿದರು. ನಗು ತಡೆಯಲು ಕೆಮ್ಮಿದರೆಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಹೋಗುವಾಗ, "ಆ ಹಾಲು ಹಾಲುಕೋಣೆಗೆ ಹೋಗಬಾರದು," ಎಂದು ಗಟ್ಟಿಯಾಗಿ ಹೇಳಿ ಹೋದರು. ಹೋಗಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು ಕಾಯಿಸಿದೆವು. ನಾನು ಕುಡಿದೆ, ಅವಳು ಕುಡಿದಳು. ನನ್ನ ತಾಯಿ ಕುಡಿಯಲಿಲ್ಲ, ಲೋಟ ತೊಳೆದಿಟ್ಟಳು. ನನ್ನ ಕೈ ಕೂಡುವವರೆಗೂ ಹೀಗೆಯೇ ನಡೆಯಿತು. ಅಷ್ಟರಲ್ಲಿ ಮಂಡಿಯವನ ಆಳು ಮತ್ತೆ ಬಂದಿದ್ದ. ತೂಕ ಸರಿಯಿಲ್ಲ, ಇನ್ನೊಮ್ಮೆ ಹಾಕು ಎಂದು ಅವನಿಗೆ ಹೇಳಿದವಳು ಇವಳೇ.

ಹಿಮ ಬೀಳುವ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಊಟಿಯ ಆಸ್ಪತ್ರೆಗೆ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದೆ. ಡಾಕ್ಟರು ಮಾಡುವಷ್ಟು ಮಾಡಿದರು. ವಾರದೊಳಗೆ ಹೋಗಿಬಿಟ್ಟಳು.

ಹಟ್ಟಿಯಲ್ಲಿ ಕೆಲವರು ಎಮ್ಮೆ ಮುಟ್ಟಿದ್ದರಿಂದ ಎಂದರು, ಕೆಲವರು ಕಲ್ಲಟ್ಟಿಯ ನೀರಿನಿಂದ ಎಂದರು. ಬೇಸಿಗೆಯಲ್ಲಿ ಕುಡಿದ ನೀರು ಹಿಮಗಾಲದಲ್ಲಿ ಕೊಲ್ಲುವುದಿಲ್ಲ. ಆ ಹಿಮಗಾಲದಲ್ಲಿ ಮನೆ ಬಿಟ್ಟು ಹೊರಗೆ ಹೋಗದ ಮಕ್ಕಳಿಗೂ ಅದೇ ಜ್ವರ ಬಂದಿತ್ತು. ಇದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ. ಹೇಳಿಕೊಂಡ ಮೇಲೂ ಎದ್ದು ನಡೆಯಬೇಕು ಅನ್ನಿಸುತ್ತದೆ. ಹೊಲದ ಅಂಚಿನವರೆಗೆ ಹೋಗುತ್ತೇನೆ, ಅಲ್ಲಿ ಏನು ಕೆಲಸ ಎಂದು ತಿಳಿಯದೆ ಹಿಂದೆ ಬರುತ್ತೇನೆ.

ಈ ಬೇಸಿಗೆ ಟೀಚರಮ್ಮ ಮತ್ತೆ ಬಂದರು. ಅಂಗಳದಲ್ಲೇ ನಿಂತಿದ್ದರು, ಕೂರಲಿಲ್ಲ. "ಯಾರೂ ಕಳಿಸುತ್ತಿಲ್ಲ. ನಿಮ್ಮನ್ನು ಕೇಳಲು ನನಗೆ ಬಾಯಿಲ್ಲ. ಆದರೆ ನೀವು ಹೇಳಿದರೆ ಕೇಳುತ್ತಾರೆ," ಎಂದರು. ನಾನು ಉತ್ತರ ಕೊಡುವ ಮೊದಲೇ ನನ್ನ ತಾಯಿ, "ಹೋಗಿ ಹೇಳು ಮಗನೇ," ಎಂದಳು. ನಾನು ಅವಳ ಮುಖ ನೋಡಿದೆ. "ಕೂಸು ಹಾಗೆ ಮಾತಾಡಿದ್ದು ಅಲ್ಲಿಗೆ ಹೋಗಿ ಬಂದ ಮೇಲೆ ತಾನೇ," ಎಂದಳು.

ಮನೆಮನೆಗೆ ಹೋದೆ. ಪಕ್ಕದ ಮನೆಯ ಹಿರಿಯರ ಮೊಮ್ಮಗಳು, ಅವಳೂ ಬಾಗಿಲ ಹಿಂದೆ ನಿಲ್ಲುವ ಮಗುವೇ, ಹೋಗಬೇಕೆಂದು ಆಸೆಪಟ್ಟಿದ್ದಳು. ಹಿರಿಯರು, "ನಿನಗೆ ಭಯವಿಲ್ಲವೋ?" ಎಂದು ಕೇಳಿದರು.

"ಇದೆ, ಮಾವ."

"ಆದರೂ ಕಳಿಸು ಅನ್ನುತ್ತೀಯಾ?"

"ಹೌದು."

ಅವರು ಬಾಗಿಲ ಹಿಂದಿದ್ದ ಮೊಮ್ಮಗಳ ಕಡೆ ನೋಡಿದರು. ಆಮೇಲೆ, ಎಮ್ಮೆ ಕರೆಸಬೇಡಿ ಎಂದು ಟೀಚರಮ್ಮನಿಗೆ ಹೇಳಲು ಹೇಳಿದರು. ಹೇಳುತ್ತೇನೆ ಎಂದೆ.

ನಾಳೆ ಬೆಳಿಗ್ಗೆ ಗಾಡಿ ಹೊರಡುತ್ತದೆ. ನಮ್ಮ ಹಟ್ಟಿಯಿಂದ ನಾಲ್ಕು ಹೆಣ್ಣುಮಕ್ಕಳು ಹೋಗುತ್ತಾರೆ. ನನ್ನ ಮನೆಯಿಂದ ಕಳಿಸಲು ಮಗುವಿಲ್ಲ.