ಸೀಸದ ಗುಂಡಿಗೆ ತುಪ್ಪ

ನಿನ್ನೆ ಸಂಜೆ ಆಫೀಸಿನವರು ಕೊಟ್ಟಿದ್ದ ಜೇನುಮೇಣದ ಬತ್ತಿಯನ್ನು ಹಚ್ಚಿಟ್ಟು ಒಲೆಯ ಮೇಲೆ ಬೆಣ್ಣೆ ಕಾಯಿಸುತ್ತಿದ್ದೆ. ಎರಡು ವಾಸನೆಗಳೂ ಕೂಡಿಕೊಂಡವು ನೋಡಿ, ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿರುವ ನನ್ನ ಪುಟ್ಟ ಅಪಾರ್ಟ್‌ಮೆಂಟು ಥಟ್ಟನೆ ಪಿಸ್ತೂಲು ಕ್ಲಬ್ಬಾಗಿಬಿಟ್ಟಿತು. ಅಂಥ ಕಡೆ ಮದ್ದಿನ ವಾಸನೆ ಇರಬೇಕಲ್ಲವೆ ಎನ್ನುತ್ತೀರಿ. ನಾನು ಕಂಡ ಕ್ಲಬ್ಬಿನಲ್ಲಿ ಮೈಸೂರುಪಾಕಿನ ವಾಸನೆಯಿತ್ತು.

ಏಳು ವರ್ಷದ ಹಿಂದೆ, ಅಥವಾ ಎಂಟೋ, ಪರ್ತ್‌ನ ಸದರ್ನ್ ರಿವರ್‌ನಲ್ಲಿ ಶ್ರೀಪತಿ ಅಂಕಲ್ ಮನೆಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದೆ. ಅವರು ಮೈಸೂರಿನವರು, ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಕೇಕನ್ನು ಕೂಡ ಮೊಟ್ಟೆಯಿದೆಯೇ ಎಂದು ಮೂಸಿಯೇ ಮುಟ್ಟುವವರು. ಅಂಥವರಿಗೆ ಐವತ್ತು ದಾಟಿದ ಮೇಲೆ ರಿವಾಲ್ವರಿನ ಹುಚ್ಚು ಹಿಡಿಯಿತು. ಕ್ಲಬ್ಬಿನಲ್ಲಿ ಹೊಸಬರಾಗಿ ಆರು ತಿಂಗಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆ ಪಾಸಾದರೆ ಸದಸ್ಯತ್ವ, ಇಲ್ಲವಾದರೆ ಮತ್ತೆ ಮೊದಲಿನಿಂದ.

"ಆಫೀಸಲ್ಲಿ ಎಲ್ರಿಗೂ ನಾನು ಬರೀ 'ಶ್ರೀ' ಕಣಮ್ಮ. ಕೆವಿನ್ ಒಬ್ಬನೇ ಪೂರ್ತಿ ಹೆಸರು ಕಲಿತಿರೋನು," ಎಂದಿದ್ದರು.

ಕೆವಿನ್ ಕ್ಲಬ್ಬಿನ ತರಬೇತುದಾರ. ಖಾಲಿ ತೋಟಾಗಳಿಗೆ ತಾನೇ ಮತ್ತೆ ಮದ್ದು ತುಂಬಿ ಗುಂಡು ಕೂರಿಸುತ್ತಿದ್ದ. ಗುಂಡಿಗೆ ಜಿಡ್ಡು ಬಳಿಯುವ ಕೆಲಸ ಮಾತ್ರ ಶಿಷ್ಯನಿಗೆ. ಸೀಸದ ಗುಂಡಿನ ಸೊಂಟದ ಸುತ್ತ ಉಡಿದಾರ ಕಟ್ಟಿದಂತೆ ಗೀರುಗಳಿರುತ್ತವೆ. ಅವುಗಳಲ್ಲಿ ಜಿಡ್ಡು ತುಂಬದಿದ್ದರೆ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆಂದು ಕೆವಿನ್ ಕೊಟ್ಟ ಡಬ್ಬಿಯನ್ನು ಅಂಕಲ್ ಎರಡು ಬೆರಳಲ್ಲಿ ಹಿಡಿದು ತಂದರು.

"ದನದ ಕೊಬ್ಬಂತೆ!"

"ನೀವೇನು ಗುಂಡು ತಿಂತೀರಾ ಅಂಕಲ್?"

"ಕೈಗೆ ಮೆತ್ಕೊಳ್ಳುತ್ತಲ್ಲಮ್ಮ!"

ಕೊನೆಗೆ ತುಪ್ಪವೆಂದಾಯಿತು. ಕೆವಿನ್ ತಲೆ ಕೆರೆದುಕೊಂಡು, ಜೇನುಮೇಣ ಎರಡು ಪಾಲು, ತುಪ್ಪ ಒಂದೇ ಪಾಲು, ಹೆಚ್ಚಾದರೆ ಬಿಸಿಲಿಗೆ ಕರಗುತ್ತದೆ ಎಂದು ಚೀಟಿ ಬರೆದುಕೊಟ್ಟ.

"ಸೀಸ ಮುಟ್ಟಿದ್ದು ಒಂದೂ ನನ್ನ ಅಡುಗೆಮನೆ ಹೊಸಲು ದಾಟಕೂಡದು," ಎಂದು ಆಂಟಿ ಹಳೆಯ ಕೇಕಿನ ತಟ್ಟೆಯನ್ನೂ ಒಗ್ಗರಣೆ ಸೌಟನ್ನೂ ಗ್ಯಾರೇಜಿಗೆ ಶಾಶ್ವತವಾಗಿ ದಾನ ಮಾಡಿದರು. ಮೇಣ, ತುಪ್ಪ ಕರಗುತ್ತಿದ್ದಾಗ ಅಂಕಲ್ ಹಳೇ ಪೇಪರ್ ತರಲು ಒಳಗೆ ಹೋದರು. ಪಾಕ ನನ್ನ ಕಣ್ಣಿಗೆ ಒಣಒಣವಾಗಿ ಕಂಡಿತು. ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿಬಿಟ್ಟೆ. ಆಮೇಲೆ ತಟ್ಟೆಯಲ್ಲಿ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ, ಕೈ ತೊಳೆದು ಬಂದು, ಸುತ್ತಲೂ ಪಾಕ ಸುರಿದೆವು.

ಪರೀಕ್ಷೆಯ ದಿನ ಪರ್ತ್‌ನ ಫೆಬ್ರವರಿ ಬಿಸಿಲು. ತೋಟಾಗಳು ಬೆಳಗಿನಿಂದ ಕೆವಿನ್‌ನ ಯೂಟ್ ಎಂಬ ಸಣ್ಣ ಟ್ರಕ್ಕಿನ ತೆರೆದ ಹಿಂಭಾಗದಲ್ಲಿ ಕಾಯುತ್ತಿದ್ದವು. ಎರಡು ಗುಂಡು ಢಂ ಎಂದವು; ಘಮಘಮ ಹೊಗೆ. ಮೂರನೆಯದು 'ಪುಸ್' ಎಂದಿತು. ಅಂಕಲ್ ಮತ್ತೆ ಟ್ರಿಗರ್ ಎಳೆಯಲಿಲ್ಲ. ರಿವಾಲ್ವರನ್ನು ಗುರಿಯ ಕಡೆಗೇ ಹಿಡಿದು, ಏನೋ ಕೆಟ್ಟಿದೆ ಎಂಬ ಸನ್ನೆಗೆ ಎಡಗೈ ಎತ್ತಿ ನಿಂತರು. ಕೆವಿನ್ ಬಂದು ನೋಡಿದರೆ ತುಪ್ಪ ಇಳಿದು ಮದ್ದು ನೆನೆದಿತ್ತು, ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಂಡಿತ್ತು. ಇನ್ನೊಂದು ಹಾರಿಸಿದ್ದರೆ ರಿವಾಲ್ವರು ಕೈಯಲ್ಲೇ ಸಿಡಿಯುತ್ತಿತ್ತು. ಕೆವಿನ್‌ನ ಕೆಂಪು ಮುಖ ಬಿಳಿಚಿತು. "ಗುಡ್ ಆನ್ ಯಾ, ಶ್ರೀಪತಿ. ಯೂ ಆರ್ ಇನ್," ಎಂದ. ಹಾಗೆ ತಡೆದು ನಿಂತದ್ದಕ್ಕೇ ಅಂಕಲ್ ಪಾಸು.

ಇದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ಕಂಡೆನೋ, ಸೆಕೆಗೆ ಹೆದರಿ ಕಾರಿನ ಏಸಿಯಲ್ಲಿ ಉಳಿದು ಆಮೇಲೆ ಕೇಳಿದೆನೋ! ಎರಡೂ ಚಿತ್ರಗಳು ನನ್ನಲ್ಲಿವೆ, ಎರಡೂ ಅಷ್ಟೇ ಸ್ಪಷ್ಟ. ಚಮಚ ಮಾತ್ರ ಖಂಡಿತ ನನ್ನದು. ಅಂಕಲ್‌ರ ಕೈಯನ್ನು ಕಳೆಯಬಹುದಾಗಿದ್ದ ಆ ಚಮಚದ ವಿಷಯ ಯಾರಿಗೂ ಹೇಳಿರಲಿಲ್ಲ.

ನಿನ್ನೆ ತಡೆಯಲಾಗಲಿಲ್ಲ. ಅವರೀಗ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿದ್ದಾರೆ. ಫೋನ್ ಮಾಡಿ ಒಪ್ಪಿಕೊಂಡೆ.

"ಪೇಪರ್ ತಂದ್ಮೇಲೆ, ನೀನು ಗುಂಡು ಜೋಡಿಸ್ತಿದ್ದಾಗ ನಾನೂ ಎರಡು ಚಮಚ ಹಾಕಿದ್ದೆ ಕಣಮ್ಮ," ಎಂದರು ಅಂಕಲ್ ಮೆಲ್ಲಗೆ. "ಸ್ವಲ್ಪ ಒಣಗಿದ ಹಾಗೆ ಕಾಣ್ತು."

ಅವರ ಫೋನು ಸ್ಪೀಕರಿನಲ್ಲಿತ್ತು. ದೂರದಿಂದ ಆಂಟಿಯ ದನಿ: "ನೀವಿಬ್ರೂ ಕೈ ತೊಳೆಯೋಕೆ ಹೋದ್ರಲ್ಲ, ಬಂದು ನೋಡಿದೆ. ಜಿಡ್ಡೇ ಇರ್ಲಿಲ್ಲ ರೀ. ಒಂದು ಸೌಟು ಬಿಟ್ಟೆ."

"ಸೌಟಾ?" ಅಂಕಲ್ ಕೂಗಿದರು.

"ಮತ್ತಿನ್ನೇನು, ಜಿಪುಣರ ಮನೆ ಗುಂಡು ಅನ್ನಿಸ್ಕೋಬೇಕಿತ್ತಾ?"

ಅವರಿಬ್ಬರ ಜಗಳ ಏರುತ್ತಿದ್ದಂತೆ ಫೋನಿಟ್ಟೆ. ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡಿದ್ದ ತಪ್ಪಿನಲ್ಲಿ ನನ್ನ ಪಾಲು ಎಲ್ಲಕ್ಕಿಂತ ಕಡಿಮೆ ಎಂದು ತಿಳಿದು ಹಗುರವಾಯಿತು. ನಿಜ ಹೇಳಬೇಕೆಂದರೆ, ತುಸು ಬೇಜಾರೂ ಆಯಿತು. ಬತ್ತಿ ಆರಿಸಿ ದೋಸೆ ಹುಯ್ದೆ. ಒಣಗಿದ ಹಾಗೆ ಕಂಡಿತು. ತುಪ್ಪದ ಡಬ್ಬಿಗೆ ಹೋದ ಕೈಯನ್ನು ತಡೆದು, ಬೇರೆ ಯಾರಾದರೂ ಆಗಲೇ ಹಾಕಿದ್ದಾರೆಯೇ ಎಂದು ಸುತ್ತ ನೋಡಿದೆ. ಮನೆಯಲ್ಲಿ ನಾನೊಬ್ಬಳೇ.

ಅವರಿಬ್ಬರ ಪಾಲನ್ನೂ ಸೇರಿಸಿ ಹಾಕಿದೆ.